ಖಾಲಿ ಗಾಡಿಯ ತೂಕ

ವರ್ಷಕ್ಕೆ ಒಂದು ದಿನ ಅವರು ಮನೆಯನ್ನು ಲಾರಿ ಮಾಡಬೇಕಿತ್ತು.

ಉಳಿದ ದಿನಗಳಲ್ಲಿ ಅದು ಮನೆಯೇ. ಹದಿನಾಲ್ಕು ಅಡಿ ಉದ್ದ, ಆರು ಅಡಿ ಅಗಲ, ಮೂರು ಕಡೆ ತಗಡಿನ ಗೋಡೆ, ಹಿಂದುಗಡೆ ಎರಡು ಕದದ ಬಾಗಿಲು, ಎಡಗಡೆ ಒಂದು ಕಿಟಕಿ. ಅದರಲ್ಲಿ ಒಬ್ಬ ಮುದುಕಿ, ಅವಳ ಮಗ ಮತ್ತು ಸೊಸೆ ಏಳು ವರ್ಷದಿಂದ ಸಂಸಾರ ಮಾಡಿಕೊಂಡಿದ್ದರು. ಕಾಗದದ ಮೇಲೆ ಮಾತ್ರ ಅದು ಸರಕು ಸಾಗಿಸುವ ಗಾಡಿ. ಖಾಲಿ ತೂಕ ಎರಡು ಸಾವಿರದ ಒಂಬೈನೂರ ನಲವತ್ತು ಕೇಜಿ. ವರ್ಷಕ್ಕೊಮ್ಮೆ ಸಾರಿಗೆ ಸಾಹೇಬರು ಬ್ರೇಕು, ದೀಪ, ಚಕ್ರ ನೋಡಿ, ತೂಕದ ಚೀಟಿ ನೋಡಿ, ಗಾಡಿ ಕಾಗದದಲ್ಲಿ ಇದ್ದ ಹಾಗೆಯೇ ಇದೆ ಎಂದು ಮುದ್ರೆ ಒತ್ತಬೇಕು. ತೂಕ ನೂರು ಕೇಜಿಯವರೆಗೆ ಹೆಚ್ಚಿದ್ದರೆ ನಡೆಯುತ್ತಿತ್ತು. ಅದಕ್ಕೂ ಮೀರಿದರೆ ಬಾಡಿಯಲ್ಲಿ ಏನೋ ಬದಲಾಯಿಸಿದ್ದಾರೆ ಎಂದು ಲೆಕ್ಕ. ಗಾಡಿಯನ್ನು ಕಚೇರಿಯ ಅಂಗಳದಲ್ಲೇ ನಿಲ್ಲಿಸಿಕೊಂಡು ತನಿಖೆಗೆ ಬರೆಯುತ್ತಿದ್ದರು. ಆ ಅಂಗಳದಲ್ಲಿ ಹಿಂದೆಂದೋ ನಿಂತ ಗಾಡಿಗಳ ಒಳಗೆ ಗಿಡ ಹುಟ್ಟಿ, ಬೆಳೆದು, ಗಾಜಿನಿಂದ ಆಚೆ ನೋಡುತ್ತಿದ್ದವು. ಲಾರಿ ನಿಂತರೆ ಮನೆ ಹೋಯಿತು. ಬೇರೆ ಮನೆ ಅವರಿಗಿರಲಿಲ್ಲ.

ಅವರು ಹಾಸಿಗೆಯವರು. ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಯಂತ್ರಕ್ಕೆ ಕೊಟ್ಟು ಹಿಂಜಿ, ಬಿಸಿಲಿಗೆ ಹರವಿ, ಹೊಸ ಬಟ್ಟೆಯೊಳಗೆ ತುಂಬಿ ಹೊಲಿದು ಕೊಡುವುದು ಕಸುಬು. ಮಗ ಗಾಡಿ ಓಡಿಸುತ್ತಿದ್ದ, ಹತ್ತಿ ಹಿಂಜುತ್ತಿದ್ದ. ಸೊಸೆ ತುಂಬುತ್ತಿದ್ದಳು, ಹೊಲಿಯುತ್ತಿದ್ದಳು. ಹತ್ತಿಯನ್ನು ಕೈಯಲ್ಲಿ ಹಿಡಿದರೆ ಸಾಕು, ಇಷ್ಟೇ ತೂಕ ಎಂದು ಹೇಳುತ್ತಿದ್ದಳು. ಗಿರಾಕಿಗಳ ಸಮಾಧಾನಕ್ಕೆ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ತೋರಿಸುತ್ತಿದ್ದಳು. ಮುಳ್ಳು ಅವಳು ಹೇಳಿದಲ್ಲಿಗೇ ಬಂದು ನಿಲ್ಲುತ್ತಿತ್ತು. ಮುದುಕಿ ಕಿಟಕಿಯ ಬಳಿ ಕುಳಿತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು, ಊರಿನ ಕಡೆ ನೋಡುತ್ತಿದ್ದಳು.

ಹಿಂದೆ ಬಾಡಿಗೆ ಮನೆಗಳಲ್ಲಿದ್ದವರೇ. ಮೊದಲ ಮನೆಯ ಮಾಲೀಕ ತನ್ನ ಟೀ ಲೋಟದಲ್ಲಿ ಹತ್ತಿ ತೇಲುತ್ತದೆ ಎಂದು ಬಿಡಿಸಿದ. ಎರಡನೆಯವನು ಮನೆ ಮಾರಿದ. ಮೂರನೆಯವನ ಮಗನಿಗೆ ಮದುವೆಯಾಯಿತು. ಮೂರೂ ಎರಡು ವರ್ಷದೊಳಗೆ. ಇನ್ನೊಂದು ಮನೆ ಸಿಗುವತನಕ, ಒಂದು ತಿಂಗಳ ಮಟ್ಟಿಗೆ, ಎಂದು ಲಾರಿಯೊಳಗೆ ಸಾಮಾನು ಇಟ್ಟರು. ಆ ತಿಂಗಳು ಇನ್ನೂ ಮುಗಿದಿರಲಿಲ್ಲ. ಮಗ ಕಬ್ಬಿಣದ ತಳದ ಮೇಲೆ ಹಲಗೆ ಬಡಿಸಿ, ಎಡಗಡೆ ಕಿಟಕಿ ಕೂರಿಸಿ, ಆ ತೂಕವನ್ನೂ ಸೇರಿಸಿ ಕಾಗದಕ್ಕೆ ಹಾಕಿಸಿದ್ದ. ಸೂರಿನ ಮೇಲೆ ಬಿಸಿಲಿನ ಪ್ಲೇಟು, ಅದರಿಂದ ಒಂದು ಬಲ್ಬು, ಒಂದು ಫ್ಯಾನು. ಡ್ರಮ್ಮಿನಲ್ಲಿ ನೀರು. ನಿಂತಲ್ಲೆಲ್ಲ ಬಾಗಿಲ ಪಕ್ಕ ಇಳಿಸಿಡುವ ಎಂಟು ಡಬ್ಬಗಳಲ್ಲಿ ಸೊಪ್ಪು, ಮೆಣಸಿನಕಾಯಿ. ಯಾರ ಹಂಗೂ ಇರಲಿಲ್ಲ.

ಮುದುಕಿ ಲಾರಿ ಹತ್ತುವ ಮೊದಲು ಒಂದೇ ಒಂದು ಮಾತು ಹೇಳಿದ್ದಳು: "ಗೋಡೆ ತಗಡಿಂದಾಗ್ಲಿ, ಸೂರು ತಗಡಿಂದಾಗ್ಲಿ. ನೆಲ ಮಾತ್ರ ನೆಲದ ಹಾಗಿರ್ಬೇಕು. ಬರೀ ಹಲಗೆ ಮೇಲೆ ಮಲಗೋಕೆ ನಾನೇನು ಸಂತೆ ಸಾಮಾನಾ?" ಅಂದಿನಿಂದ ಸೊಸೆ ಸೋಮವಾರ ಸೋಮವಾರ ಮಣ್ಣು ಕಲಸಿ ನೆಲ ಸಾರಿಸುತ್ತಿದ್ದಳು. ನೆಲ ಕೈಯಿಟ್ಟರೆ ಜಾರುವಷ್ಟು ನುಣುಪಾಗಿತ್ತು.

ಅವರು ಲಾರಿಯಲ್ಲಿ ಇರುವುದು ಯಾರಿಗೂ ಗೊತ್ತಿರಲಿಲ್ಲ. ಸರಕಿನ ಗಾಡಿಯಲ್ಲಿ ವಾಸ ಮಾಡಕೂಡದು ಎಂದು ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಲಾರಿಯೊಳಗೆ ಹಾಸಿಗೆ ಕಂಡರೆ ಹಾಸಿಗೆಯವರ ಲಾರಿಯಲ್ಲಿ ಮತ್ತೇನಿರುತ್ತದೆ ಎಂದು ಜನ ಸುಮ್ಮನಾಗುತ್ತಿದ್ದರು. ಕಾಗದಪತ್ರಗಳಿಗೆಲ್ಲ ಸೊಸೆಯ ಅಣ್ಣನ ವಿಳಾಸ. ಆ ಅಣ್ಣ ಆಗೊಮ್ಮೆ ಈಗೊಮ್ಮೆ ಫೋನು ಮಾಡಿ ಕೇಳುತ್ತಿದ್ದ.

"ಮನೆ ಹೇಗಿದೆಯಮ್ಮ?"

"ಗಾಳಿ ಬೆಳಕು ಚೆನ್ನಾಗಿದೆ ಅಣ್ಣ."

"ನೀರಿಗೆ?"

"ಯಾವಾಗ್ಲೂ ತುಂಬಿಸಿಟ್ಟಿರ್ತೀವಿ."

"ಅಕ್ಕಪಕ್ಕದವರು?"

"ತೊಂದರೆ ಕೊಡೋರು ಯಾರೂ ಇಲ್ಲ."

ಸುಳ್ಳು ಹೇಳುವ ಅಗತ್ಯ ಅವಳಿಗೆ ಬಂದಿರಲಿಲ್ಲ.

ಆ ವರ್ಷ ಗಾಡಿ ತೋರಿಸುವ ದಿನ ಸೋಮವಾರ ಬಂತು. ಆಗ ಅವರು ಊರಾಚೆ ಮುಚ್ಚಿಹೋದ ಒಂದು ಇಟ್ಟಿಗೆ ಗೂಡಿನ ಬಯಲಲ್ಲಿದ್ದರು. ಬೆಳಕು ಹರಿಯುತ್ತಿದ್ದಂತೆ ಸಾಮಾನು ಇಳಿಸಲು ಹಿಡಿದರು. ಇದಕ್ಕೊಂದು ಕ್ರಮವಿತ್ತು. ಒಳಗೆ ಯಾವುದು ಎಲ್ಲಿತ್ತೋ ಹೊರಗೂ ಅಲ್ಲೇ ಇಡುವುದು; ಹತ್ತಿಸುವಾಗ ಹುಡುಕಾಟ ಇರಬಾರದು ಎಂದು ಮೊದಲ ವರ್ಷ ಸೊಸೆ ಮಾಡಿದ ಏರ್ಪಾಡು. ಎಡಗಡೆ ಮುದುಕಿಯ ಮಂಚ, ಅದರ ಕಾಲ ಬಳಿ ಟ್ರಂಕು, ಬಲಗಡೆ ಒಲೆ, ಒಲೆಯ ಪಕ್ಕ ನೀರಿನ ಡ್ರಮ್ಮು, ಮೂಲೆಗೆ ಹಿಂಜುವ ಯಂತ್ರ, ಅದಕ್ಕೆ ಒರಗಿಸಿ ಸೂರಿನಿಂದ ಇಳಿಸಿದ ಪ್ಲೇಟು, ಫ್ಯಾನು. ಗಂಟೆ ಏಳಾಗುವ ಹೊತ್ತಿಗೆ ಬಯಲಿನ ನಡುವೆ ಗೋಡೆಯಿಲ್ಲದ ಒಂದು ಮನೆ ಸಿದ್ಧವಾಗಿತ್ತು. ಮುದುಕಿ ತನ್ನ ಮಂಚದ ಮೇಲೆ ಕುಳಿತು, ಕಿಟಕಿ ಇರಬೇಕಾಗಿದ್ದ ಕಡೆ ಮುಖ ಮಾಡಿ, ಅವರೆಕಾಳು ಬಿಡಿಸತೊಡಗಿದಳು. ಸೊಸೆ ಒಲೆ ಹಚ್ಚಿದಳು. ಡ್ರಮ್ಮಿನಿಂದ ಒಲೆಗೆ ನೇರ ಬರಬಹುದಿತ್ತು. ಆದರೂ ಅವಳು ಮಂಚ ಬಳಸಿಕೊಂಡು, ಬಾಗಿಲಿರಬೇಕಾದ ಕಡೆಯಿಂದಲೇ ಒಳಗೆ ಬರುತ್ತಿದ್ದಳು.

ಮಗ ಮಂಚದ ಬೋಲ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕಿದ. ಮಂಚ ಎಂದರೆ ಗೋಡೆಗೆ ಕೀಲು ಹಾಕಿ ಕೂರಿಸಿದ ಹಲಗೆ, ಮುಂದುಗಡೆ ಎರಡು ಕಾಲು; ಹೊರಗೆ ಗೋಡೆಯ ಬದಲು ಇಟ್ಟಿಗೆ ಪೇರಿಸಿ ಕೂರಿಸಿದ್ದರು. ಆ ಕಾಲುಗಳನ್ನು ಅವನು ಹಿಂದೆ ಎರಡು ಸಲ ಅರ್ಧರ್ಧ ಬೆರಳು ಕೊಯ್ದಿದ್ದ. "ಮಂಚ ಗೋಡೆ ಕಡೆ ವಾಲ್ತಿದೆ ಕಣೋ, ರಾತ್ರಿಯೆಲ್ಲ ಗೋಡೆಗೆ ಅಂಟಿಕೊಂಡಿರ್ತೀನಿ" ಎಂದು ಮುದುಕಿ ದೂರುತ್ತಿದ್ದಳು. ಕಡಿದ ಮರವೂ ಬೆಳೆಯುತ್ತದೆಯೇ ಎಂದು ಅವನಿಗೆ ಅನುಮಾನ ಬಂದದ್ದುಂಟು. ಅವನ ತಲೆಯೂ ಎರಡು ವರ್ಷದಿಂದ ಸೂರಿನ ಅಡ್ಡಪಟ್ಟಿಗೆ ತಾಗುತ್ತಿತ್ತು. "ನಲವತ್ತೆರಡನೇ ವರ್ಷಕ್ಕೆ ಉದ್ದ ಆಗ್ತಿದೀಯ. ಇಪ್ಪತ್ತಕ್ಕೆ ಆಗಿದ್ರೆ ಒಳ್ಳೇ ಹುಡುಗಿ ಸಿಗ್ತಿದ್ಲು" ಎಂದು ತಾಯಿ ಸೊಸೆಯ ಎದುರಿಗೇ ಹೇಳಿದ್ದಳು. ಸೊಸೆ, "ಹೌದತ್ತೆ, ನಾನೂ ತಪ್ಪಿಸಿಕೊಳ್ತಿದ್ದೆ" ಎಂದಿದ್ದಳು.

ಸಾಮಾನು ಇಳಿದ ಮೇಲೆ ಲಾರಿಯ ಸರದಿ. ಸ್ಟೆಪ್ನಿ ಬಿಚ್ಚಿದ, ಅದು ನಲವತ್ತೆರಡು ಕೇಜಿ. ಸೂರಿನ ಮೇಲಿನ ಕ್ಯಾರಿಯರ್ ಬಿಚ್ಚಿದ, ಮೂವತ್ತು. ಕ್ಲೀನರ್ ಸೀಟು ಬಿಚ್ಚಿದ, ಹದಿನಾರು. ಇದೂ ವರ್ಷ ವರ್ಷ ಬೆಳೆದು ಬಂದ ಕೆಲಸ. ಮೊದಲ ಮೂರು ವರ್ಷ ಯಾವುದನ್ನೂ ಬಿಚ್ಚಬೇಕಾಗಿರಲಿಲ್ಲ. ಆದರೆ ಖಾಲಿ ಲಾರಿ ವರ್ಷಕ್ಕೆ ಮೂವತ್ತು ಕೇಜಿಯಂತೆ ತೂಕ ಹೆಚ್ಚಿಸಿಕೊಳ್ಳುತ್ತಿತ್ತು. ನಾಲ್ಕನೆಯ ವರ್ಷ ಸ್ಟೆಪ್ನಿ ಹೋಯಿತು, ಐದನೆಯ ವರ್ಷ ಕ್ಯಾರಿಯರ್, ಆರನೆಯ ವರ್ಷ ಸೀಟು. ಸಾಹೇಬರು ಹೋದ ಸಲ ಸೀಟಿನ ಜಾಗ ನೋಡಿ, "ಕ್ಲೀನರ್ ಎಲ್ಲಿ ಕೂರ್ತಾನೆ?" ಎಂದು ಕೇಳಿದ್ದರು. "ಕ್ಲೀನರ್ ಇಲ್ಲ ಸರ್" ಎಂದಿದ್ದ. ಅಲ್ಲಿಗೆ ಆ ವಿಷಯ ಮುಗಿದಿತ್ತು.

ಗಾಡಿಗಳನ್ನು ಮೇಲೆ ನಿಲ್ಲಿಸಿ ತೂಗುವ ತೂಕದ ಸೇತುವೆ ಊರ ಬಾಯಲ್ಲೇ ಇತ್ತು; ಸಾಹೇಬರು ಬಂದು ಗಾಡಿ ನೋಡುವುದೂ ಅಲ್ಲೇ. ಅದನ್ನು ನೋಡಿಕೊಳ್ಳುವವನನ್ನು ಎಲ್ಲರೂ ತೂಕದವನು ಎನ್ನುತ್ತಿದ್ದರು. ಸಾಹೇಬರು ಬರುವ ಮೊದಲು ಒಂದು ಸಲ ಸುಮ್ಮನೆ ತೂಗಿ ನೋಡಲು ಅವನು ಬಿಡುತ್ತಿದ್ದ. ಮಗ ಲಾರಿಯನ್ನು ಸೇತುವೆಯ ಮೇಲೆ ನಿಲ್ಲಿಸಿ, ಕೆಳಗಿಳಿದು, ದೂರ ಹೋಗಿ ನಿಂತ. ತೂಕದವನು ಗಾಜಿನ ಹಿಂದಿನಿಂದ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಮೂರು ಸಾವಿರದ ಅರವತ್ತೆರಡು ಅಣ್ಣ."

"ಸರಿಯಾಗಿ ನೋಡು."

"ನಾನು ನೋಡೋದಲ್ಲ, ಯಂತ್ರ ನೋಡೋದು. ನೂರರ ಮೇಲೆ ಇಪ್ಪತ್ತೆರಡು ಕೇಜಿ ಜಾಸ್ತಿ ಇದೆ."

"ಒಳಗೆ ಒಂದು ಕಡ್ಡಿಪೆಟ್ಟಿಗೆ ಸಹ ಇಲ್ಲ."

"ವಯಸ್ಸಾಗ್ತಾ ಆಗ್ತಾ ನಾವೂ ಮೈ ಬಿಡ್ತೀವಲ್ಲ, ಹಾಗೆ ಇರ್ಬೇಕು" ಎಂದ ತೂಕದವನು ತನ್ನ ಹೊಟ್ಟೆ ನೋಡಿಕೊಳ್ಳುತ್ತ. ಆರು ವರ್ಷದಿಂದ ಅವನು ಕೊಡುತ್ತಿದ್ದ ವಿವರಣೆ ಇದೇ. "ಇನ್ನು ಬಿಚ್ಚೋಕೆ ಏನು ಉಳಿದಿದೆ?"

"ಎಂಜಿನ್ನು" ಎಂದ ಮಗ.

ಅವನು ಬಯಲಿಗೆ ವಾಪಸು ಬಂದು, ಲಾರಿ ನಿಲ್ಲಿಸಿ, ನಡೆದು ಬಂದು ಬಾಗಿಲ ಕಡೆಯಿಂದ ಒಳಗೆ ಬಂದು ಟ್ರಂಕಿನ ಮೇಲೆ ಕುಳಿತ. ಸೊಸೆ ಮುಖ ನೋಡಿಯೇ ಒಲೆ ಸಣ್ಣದು ಮಾಡಿದಳು.

"ಎಷ್ಟು?"

"ಇಪ್ಪತ್ತೆರಡು ಮೇಲೆ."

"ಡೀಸೆಲ್ಲು?"

"ಹೋಗಿ ಬರೋಷ್ಟೇ ಇದೆ."

ಮುದುಕಿ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಇವತ್ತು ನಾನು ಹತ್ತೇ ಇಲ್ಲ. ನನ್ನ ಮೇಲೆ ಹಾಕ್ಬೇಡಿ" ಎಂದಳು.

ಸಾಹೇಬರ ಹೊತ್ತು ಮಧ್ಯಾಹ್ನ ಮೂರಕ್ಕೆ ಇತ್ತು. ಅಷ್ಟರೊಳಗೆ ಏನಾದರೂ ಹೊಳೆಯಬಹುದು ಎಂದು ಮಗ ಲಾರಿಯ ಕೆಳಗೆ ತೂರಿ ಮೆತ್ತಿದ ಕೆಸರು ಕೆರೆದ. ಒಂದೂವರೆ ಕೇಜಿ ಬಂತು. ಅಷ್ಟರಲ್ಲಿ ತೂಕದವನು ಸೈಕಲ್ಲು ತುಳಿದುಕೊಂಡು ಬಂದ. ಅವನು ಈ ಬಯಲಿಗೆ ಎಂದೂ ಬಂದವನಲ್ಲ. ಸೈಕಲ್ಲನ್ನು ಇಟ್ಟಿಗೆ ರಾಶಿಗೆ ಒರಗಿಸಿ, ಬಯಲಿನ ನಡುವೆ ಮಂಚ, ಒಲೆ, ಡ್ರಮ್ಮು, ಮಂಚದ ಮೇಲೊಬ್ಬ ಅಜ್ಜಿ ಇರುವುದನ್ನು ನಿಂತು ನೋಡಿದ. ಮಗ ಲಾರಿಯ ಕೆಳಗಿನಿಂದ ತೆವಳಿ ಹೊರಬಂದ. ತೂಕದವನು ನಾಲ್ಕು ಹೆಜ್ಜೆ ಬಲಕ್ಕೆ ನಡೆದು, ಬಾಗಿಲಿರಬೇಕಾದ ಕಡೆಗೆ ಬಂದು, ಚಪ್ಪಲಿ ಕಳಚಿಟ್ಟು, ಒಳಗೆ ಬಂದ.

"ಸಾಹೇಬ್ರು ಹನ್ನೊಂದೂವರೆಗೇ ಬರ್ತಾರಂತೆ. ಮಧ್ಯಾಹ್ನ ಅವರಿಗೆ ಬೇರೆ ಕಡೆ ಕೆಲಸ ಇದೆಯಂತೆ. ಹೇಳಿ ಹೋಗೋಣ ಅಂತ ಬಂದೆ."

ಸೊಸೆ ಅವನಿಗೆ ಟೀ ಕೊಟ್ಟಳು. "ನಮ್ಮ ವಿಷಯ ನಿಮಗೆ..." ಎಂದು ನಿಲ್ಲಿಸಿದಳು.

"ಖಾಲಿ ಮಾಡಿದ ಗಾಡಿ ಒಳಗೆ ಆರು ವರ್ಷದಿಂದ ಒಗ್ಗರಣೆ ವಾಸನೆ ಬರ್ತಿದೆ ಅಕ್ಕ" ಎಂದ ತೂಕದವನು. "ತೂಕ ಹಾಕೋನಿಗೆ ಮೂಗಿರಲ್ವಾ? ಸಾಹೇಬ್ರಿಗೆ ಯಾವಾಗ್ಲೂ ನೆಗಡಿ. ಅದು ನಿಮ್ಮ ಅದೃಷ್ಟ." ಲೋಟ ಖಾಲಿ ಮಾಡಿ, ಅದನ್ನು ಒಲೆಯ ಪಕ್ಕ ತೊಳೆಯುವ ಪಾತ್ರೆಗಳಿದ್ದಲ್ಲಿ ಇಟ್ಟು, ಬಂದ ದಾರಿಯಲ್ಲೇ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದ.

ಗಂಟೆ ಒಂಬತ್ತೂ ಕಾಲು. ಮಗ ಉಳಿ ಸುತ್ತಿಗೆ ತೆಗೆದುಕೊಂಡು ಲಾರಿಯ ಎಡಗಡೆಗೆ ಹೋಗಿ ಕಿಟಕಿಯ ಎದುರು ನಿಂತ. ಆ ಕಿಟಕಿಯನ್ನು ಅವನೇ ತಗಡು ಕೊಯ್ದು, ಮರದ ಚೌಕಟ್ಟು ಕೂರಿಸಿ, ಸುತ್ತ ರಿವೆಟ್ ಹೊಡೆದು ಮಾಡಿದ್ದ. ಚೌಕಟ್ಟು, ಸರಳು, ಗಾಜು ಸೇರಿ ಇಪ್ಪತ್ತೈದು ಕೇಜಿಗೆ ಕಮ್ಮಿಯಿಲ್ಲ. ಸ್ಟೆಪ್ನಿಯ ಹಾಗೆ ಬಿಚ್ಚಿ ಮತ್ತೆ ಹಾಕುವಂಥದ್ದಲ್ಲ ಅದು. ಒಮ್ಮೆ ಕಿತ್ತರೆ ಆ ತೂತಿಗೆ ತಗಡು ಬಡಿಸಿ ಮುಚ್ಚುವುದೇ.

"ಅಮ್ಮಾ" ಎಂದು ಕರೆದ.

"ಕಾಣ್ತಿದೆ. ತೆಗಿ" ಎಂದಳು ಮುದುಕಿ. "ಏಳು ವರ್ಷ ನೋಡಿದೀನಿ. ನೋಡೋಕೆ ಇನ್ನೇನು ಹೊಸದಿರುತ್ತೆ."

ಹೇಳಿದವಳು ಅವರೆಕಾಳಿನ ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ನೆಲಕ್ಕೂ ಹಾಕುತ್ತಿದ್ದಳು. ಸೊಸೆ ಅದನ್ನು ನೋಡಿದಳು. ಬಗ್ಗಿ ಕಾಳು ಆರಿಸಿ ಪಾತ್ರೆಗೆ ಹಾಕಿದಳು.

ಸ್ವಲ್ಪ ಹೊತ್ತಿನ ಮೇಲೆ ಮುದುಕಿಯೇ ಅಂದಳು: "ಇವತ್ತು ಸೋಮವಾರ. ಅವನು ಅತ್ಲಾಗೆ ಬಡಿದುಕೊಳ್ಳಲಿ. ನೀನು ಸಾರಿಸಿ ಮುಗಿಸ್ಬಿಡು. ಖಾಲಿ ಇದ್ದಾಗ ಮೂಲೆ ಮೂಲೆ ಸಿಗುತ್ತೆ. ಬಿಸಿಲಿದೆ, ಹೋಗೋ ಹೊತ್ತಿಗೆ ಒಣಗುತ್ತೆ."

ಮನೆ ಇರುತ್ತದೋ ಇಲ್ಲವೋ ಎಂಬ ದಿನ ನೆಲ ಸಾರಿಸುವುದು ಸೊಸೆಗೂ ವಿಚಿತ್ರ ಅನ್ನಿಸಲಿಲ್ಲ. ಸೋಮವಾರ ಸೋಮವಾರವೇ. ಬಕೆಟ್ಟಿಗೆ ನೀರು ಹಾಕಿ, ಗೂಡಿನ ಪಕ್ಕದ ಹಳ್ಳದಿಂದ ಜರಡಿ ಹಿಡಿದಿಟ್ಟಿದ್ದ ಕೆಂಪು ಮಣ್ಣನ್ನು ಎರಡೂ ಕೈ ಸೇರಿಸಿ ಒಂದು ಬೊಗಸೆ ಎತ್ತಿದಳು. ಎತ್ತಿದವಳು ಅದನ್ನು ಬಕೆಟ್ಟಿಗೆ ಹಾಕದೆ ಹಾಗೇ ಹಿಡಿದು ನಿಂತಳು.

ಇಪ್ಪತ್ತು ವರ್ಷದಿಂದ ಹತ್ತಿ ಹಿಡಿದ ಕೈ ಅದು. ಕೇಳದಿದ್ದರೂ ಹೇಳಿಬಿಡುತ್ತದೆ. ಆರುನೂರು ಗ್ರಾಂ, ಎಂದಿತು.

ಪ್ರತಿ ಸೋಮವಾರವೂ ಇದೇ ಬೊಗಸೆ. ನೀರು ಆರಿ ಹೋಗುತ್ತದೆ, ಮಣ್ಣು ಎಲ್ಲಿಗೆ ಹೋಗುತ್ತದೆ? ಅವಳು ವಾರಗಳನ್ನು ಕೂಡಿಸತೊಡಗಿದಳು. ವರ್ಷಕ್ಕೆ ಐವತ್ತೆರಡು. ಮಂಚದ ಕಾಲು ನೆನಪಾಯಿತು. ಗಂಡನ ತಲೆ ನೆನಪಾಯಿತು.

ಲಾರಿಯ ಆಚೆ ಕಡೆಯಿಂದ ಮೊದಲ ರಿವೆಟ್ ಮುರಿದ ಸದ್ದು ಬಂತು. ಅವಳು ಇನ್ನೂ ಮಣ್ಣು ಹಿಡಿದೇ ನಿಂತಿದ್ದಳು. ಹೇಳಿದರೆ ಉಳಿ ಎಲ್ಲಿಗೆ ತಿರುಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಲಾರಿಯೊಳಗೆ ಅವಳ ಕೈಯಿಂದ ಆದದ್ದು ಎಂದರೆ ಆ ನೆಲವೊಂದೇ. ಉಳಿದದ್ದೆಲ್ಲ ಯಾವುದೋ ಕಾರ್ಖಾನೆಯದ್ದು, ಇಲ್ಲ ಗಂಡನದ್ದು. ಎರಡನೆಯ ರಿವೆಟ್ ಮುರಿಯಿತು. ಮುದುಕಿ ಕಿಟಕಿ ಇರಬೇಕಾಗಿದ್ದ ಕಡೆಯಿಂದ ಮುಖ ತಿರುಗಿಸಿಕೊಂಡು ಡ್ರಮ್ಮಿನ ಕಡೆ ನೋಡುತ್ತ ಕುಳಿತಳು.

ಸೊಸೆ ಮಣ್ಣನ್ನು ರಾಶಿಗೇ ಸುರಿದು, ಕೈ ಕೊಡವಿಕೊಂಡು ಹೋದಳು.

"ರೀ, ನಿಲ್ಸಿ. ಕಿಟಕಿ ಅಲ್ಲ."

"ಮತ್ತೆ?"

"ನೆಲ."

"ನೆಲಕ್ಕೇನಾಗಿದೆ?"

"ನೆಲವೇ ತೂಗ್ತಿರೋದು."

ಅವನು ಅವಳನ್ನು ಒಂದು ಗಳಿಗೆ ನೋಡಿ, ಲಾರಿ ಹತ್ತಿ, ಮಂಚದ ಕೆಳಗೆ ಬರುತ್ತಿದ್ದ ಮೂಲೆಯಲ್ಲಿ ಉಳಿಯಿಟ್ಟು ಹೊಡೆದ. ಉಳಿ ಹಲಗೆಗೆ ತಾಗುತ್ತದೆ ಎಂದುಕೊಂಡಿದ್ದ. ತಾಗಲಿಲ್ಲ. ಇನ್ನೊಂದು ಏಟು, ಮತ್ತೊಂದು. ಬೆರಳಿನ ದಪ್ಪದಷ್ಟು ಒಳಗೆ ಹೋದಮೇಲೆ ಮರದ ಸದ್ದು ಬಂತು. ಉಳಿ ಮೀಟಿದರೆ ಅಂಗೈ ಅಗಲದ ಹೆಂಟೆಯೊಂದು ಹಳೆಯ ಪುಸ್ತಕದ ರಟ್ಟಿನ ಹಾಗೆ ಎದ್ದು ಬಂತು. ಅದನ್ನು ತಿರುಗಿಸಿ ಅಂಚು ನೋಡಿದ. ತೆಳ್ಳಗೆ ತೆಳ್ಳಗೆ ನೂರಾರು ಪದರ. ಮೇಲೆ ಕೆಂಪು, ಅದರ ಕೆಳಗೆ ಬೂದು, ಆಮೇಲೆ ಬಿಳಿ, ಎಲ್ಲಕ್ಕಿಂತ ಕೆಳಗೆ ಕಪ್ಪು.

ಮುದುಕಿಯನ್ನು ಕೈಹಿಡಿದು ಕರೆತಂದರು. ಅವಳು ಹೆಂಟೆಯನ್ನು ಕಣ್ಣ ಹತ್ತಿರ ಹಿಡಿದಳು. "ಈ ಬೂದು ಹೊಳೆ ತಿರುವಿನಲ್ಲಿದ್ದಾಗಿಂದು. ಬಿಳೀದು ಕಲ್ಲು ಕ್ವಾರಿ. ಕ್ವಾರಿಲಿ ಇಷ್ಟು ದಿನ ಇದ್ವಾ? ನನಗೆ ಎರಡು ತಿಂಗಳು ಅನ್ನಿಸಿತ್ತು."

"ಒಂದೂವರೆ ವರ್ಷ" ಎಂದಳು ಸೊಸೆ.

"ಹನಿ ಹನಿ ಸೇರಿದ್ರೆ ಹಳ್ಳ ಅಂತ ಹೇಳ್ತಾರೆ. ಲಾರಿ ಒಳಗೆ ಆಗುತ್ತೆ ಅಂತ ಯಾರೂ ಹೇಳ್ಲಿಲ್ಲ ನೋಡು."

ಮಗ ಲೆಕ್ಕ ಹಾಕುತ್ತಿದ್ದ. "ಸ್ಟೆಪ್ನಿ, ಕ್ಯಾರಿಯರ್, ಸೀಟು ಬಿಚ್ಚಿದ ಮೇಲೂ ನೂರಿಪ್ಪತ್ತೆರಡು ಜಾಸ್ತಿ. ಅಂದ್ರೆ ಒಟ್ಟು ಇನ್ನೂರ ಹತ್ತು ಕೇಜಿ. ಇನ್ನೂರ ಹತ್ತು ಕೇಜಿ ಮಣ್ಣು ಹೊತ್ತುಕೊಂಡು ಊರೂರು ತಿರುಗಿದೀನಿ. ಏರಿನಲ್ಲಿ ಗಾಡಿ ಏದುಸಿರು ಬಿಡ್ತಿತ್ತು; ನಾನು ಎಂಜಿನ್ನಿಗೆ ಬೈತಿದ್ದೆ."

"ಮಣ್ಣಲ್ಲ, ನೆಲ" ಎಂದಳು ಸೊಸೆ.

"ಎಲ್ಲ ಕಿತ್ತುಬಿಡೋಣ. ಇನ್ಮೇಲೆ ಬರೀ ಹಲಗೆ ಸಾಕು. ಸ್ಟೆಪ್ನಿ ಬಿಚ್ಚೋದೂ ಬೇಡ, ಸೀಟು ಬಿಚ್ಚೋದೂ ಬೇಡ."

"ಜಾಸ್ತಿ ಇರೋದು ಇಪ್ಪತ್ತೆರಡು."

"ಅದಕ್ಕೇ ಹೇಳ್ತಿರೋದು..."

"ಇಪ್ಪತ್ತೆರಡು ತಗೊಳ್ಳಿ. ಮುಳ್ಳು ಅತ್ತ ಇತ್ತ ಆಗೋದಕ್ಕೆ ಇನ್ನೊಂದು ಎಂಟು ತಗೊಳ್ಳಿ. ಮೂವತ್ತರ ಮೇಲೆ ಒಂದು ಚೂರು ಮುಟ್ಟೋ ಹಾಗಿಲ್ಲ."

"ನನ್ನ ಬೆನ್ನು ನೋಡು ಸ್ವಲ್ಪ. ಆ ಚಕ್ರ ಬಿಚ್ಚೋದು ನಾನು, ನೀನಲ್ಲ."

"ಈ ನೆಲ ಸಾರಿಸಿದ್ದು ನಾನು. ಬೆನ್ನು ನನಗೂ ಇದೆ." ಅವಳು ದನಿ ಏರಿಸಲಿಲ್ಲ. "ಮನೆ ಖಾಲಿ ಮಾಡಿ ಅಂತ ಮೂರು ಸಲ ಹೇಳಿಸಿಕೊಂಡಿದೀನಿ. ಇದು ನಾಲ್ಕನೇದು ಅಂತ ಅನ್ನಿಸ್ಬಾರದು ನನಗೆ."

ಅವನು ಉಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಗಂಟೆ ಹತ್ತು ದಾಟಿತ್ತು, ವಾದಕ್ಕೆ ಹೊತ್ತಿರಲಿಲ್ಲ. ಅವನು ಮೂಲೆಯಿಂದ ಕೀಳುತ್ತ ಬಂದ. ಸೊಸೆ ಹಾಸಿಗೆ ಬಟ್ಟೆಯ ಒಂದು ತುಂಡಿನಲ್ಲಿ ಹೆಂಟೆಗಳನ್ನು ಕಟ್ಟಿ, ಬಾಗಿಲ ಚಿಲಕಕ್ಕೆ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಗಂಟು ಗಂಟಾಗಿ ತೂಗಿದಳು. ಒಂಬತ್ತು. ಹದಿನೆಂಟೂವರೆ. ಇಪ್ಪತ್ತೇಳು. ಗಿರಾಕಿಯ ಹತ್ತಿಯನ್ನು ಇಷ್ಟು ಬಿಗಿಯಾಗಿ ಅವಳು ಎಂದೂ ತೂಗಿರಲಿಲ್ಲ. ಕೂಡಿದ ಲೆಕ್ಕ ಮೂವತ್ತಕ್ಕೆ ಬಂದಾಗ "ಸಾಕು" ಎಂದಳು. ಅವನು ಇನ್ನೊಂದು ಹೆಂಟೆಗೆ ಉಳಿ ಇಟ್ಟಾಗಿತ್ತು. ಅವಳು ಅಲ್ಲೇ ನಿಂತು ನೋಡಿದಳು. ಅವನು ಉಳಿ ತೆಗೆದ.

ಮಂಚದ ಮೂಲೆಯಲ್ಲಿ ಕದದಷ್ಟು ಜಾಗ ಬರಿದಾಗಿ ಹಲಗೆ ಕಾಣುತ್ತಿತ್ತು. ಉಳಿದ ನೆಲ ಹಾಗೇ ಹೊಳೆಯುತ್ತಿತ್ತು. ಸೊಸೆ ಪುಡಿಯನ್ನೆಲ್ಲ ಗುಡಿಸಿ, ಹೆಂಟೆಗಳ ಗಂಟುಗಳನ್ನು ಕೆಳಗಿಳಿಸಿ ಡ್ರಮ್ಮಿನ ಪಕ್ಕ ಇಟ್ಟಳು. ಮುದುಕಿ ಮಂಚಕ್ಕೆ ಮರಳಿದಳು. ಮಗ ಮುರಿದ ಎರಡು ರಿವೆಟ್ಟಿನ ಜಾಗಕ್ಕೆ ಬೋಲ್ಟು ಹಾಕಿ ಬಿಗಿದು ಹೊರಟ.

ಸೇತುವೆಯ ಮೇಲೆ ತೂಕ ಮೂರು ಸಾವಿರದ ಮೂವತ್ತೊಂದು ಬಂತು. ತೂಕದವನು ಚೀಟಿ ಹರಿದು ಕೊಡುವಾಗ, "ಎಂಜಿನ್ನಲ್ಲಿ ಯಾವ ಭಾಗ ಬಿಚ್ಚಿದಿರಿ ಅಣ್ಣ?" ಎಂದು ಮೆಲ್ಲಗೆ ಕೇಳಿದ.

ಸಾಹೇಬರು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ ಬಂದರು. ಚಕ್ರ ಒದ್ದು ನೋಡಿದರು, ದೀಪ ಹಾಕಿಸಿದರು, ಬ್ರೇಕು ಒತ್ತಿಸಿದರು, ಚೀಟಿ ನೋಡಿ ತಲೆಯಾಡಿಸಿದರು. ಮುದ್ರೆ ಕೈಗೆ ಬಂದಿತ್ತು. ಆಗ ಹಿಂಬಾಗಿಲಿನ ಅಂಚಿನಲ್ಲಿ ಹೊಸದಾಗಿ ಉದುರಿದ ಕೆಂಪು ಪುಡಿ ಕಣ್ಣಿಗೆ ಬಿತ್ತು.

"ಬಾಗಿಲು ತೆಗೀರಿ."

ಆರು ವರ್ಷದಲ್ಲಿ ಅವರು ಬಾಗಿಲು ತೆಗೆಸಿದ್ದು ಇದೇ ಮೊದಲು. ಮಗ ಎರಡೂ ಕದ ತೆರೆದ. ಸಾಹೇಬರು ಕತ್ತು ಒಳಗೆ ಚಾಚಿ ಬಹಳ ಹೊತ್ತು ನೋಡಿದರು. ತೂಕದವನು ಗಾಜಿನ ಹಿಂದಿನಿಂದ ಎದ್ದು ಬಂದು ಮಗನ ಪಕ್ಕ ನಿಂತ.

"ಇದೇನಿದು?"

"ನೆಲ ಸರ್" ಎಂದ ಮಗ.

"ಅದು ಕಾಣುತ್ತೆ. ಸರಕಿನ ಗಾಡಿಗೆ ಮಣ್ಣಿನ ನೆಲ ಯಾಕೆ?"

ಮಗ ತೂಕದವನ ಕಡೆ ನೋಡಿದ. ತೂಕದವನೇ ಹೇಳಿದ: "ಇವರು ಹಾಸಿಗೆಯವರು ಸರ್. ಬಿಳಿ ಹತ್ತಿ ಹಾಕೋದು. ಹಲಗೆ ಸೀಳಿಗೆ ಹತ್ತಿ ಸಿಕ್ಕಿಹಾಕ್ಕೊಳ್ಳುತ್ತೆ."

ಸಾಹೇಬರು ಕೈಚಾಚಿ ನೆಲದ ಮೇಲೆ ಅಂಗೈ ಆಡಿಸಿದರು. ಅಂಗೈ ನೋಡಿಕೊಂಡರು. ಧೂಳು ಹತ್ತಿರಲಿಲ್ಲ. "ಒಳ್ಳೇ ಕೆಲಸ. ಯಾರು ಮಾಡಿದ್ದು?"

"ನಮ್ಮ ಮನೇಲಿ ಸರ್."

"ನಮ್ಮ ಮನೇಲೂ ಹೀಗೆ ಇತ್ತು, ನಮ್ಮಜ್ಜಿ ಇದ್ದಾಗ" ಎಂದರು ಸಾಹೇಬರು, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ಅವರ ಕಣ್ಣು ಮೂಲೆಗೆ ಹೋಯಿತು. "ಅಲ್ಲಿ ಕಿತ್ತುಹೋಗಿದೆಯಲ್ರೀ. ಅರ್ಧ ನೆಲ ಇದ್ದು ಅರ್ಧ ಇಲ್ದಿದ್ರೆ ಸರಕು ವಾಲುತ್ತೆ. ಇದನ್ನೆಲ್ಲ ನಾವು ಬರೀಲೇಬೇಕಾಗುತ್ತೆ."

ಅವರು ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು, ಮುದ್ರೆ ಒತ್ತಿದರು, ಮೂಗು ಒರೆಸಿಕೊಂಡರು, ಹೋದರು.

ಮಗ ಬಯಲಿಗೆ ಬಂದಾಗ ಅವರೆಕಾಳು ಬೇಯುತ್ತಿತ್ತು. ಅವನು ಬಾಗಿಲ ಕಡೆಯಿಂದ ಬಂದು ಕಾಗದವನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಮುದ್ರೆ ಇದೆಯೇ ಎಂದು ಮೊದಲು ನೋಡಿದಳು. ಇತ್ತು. ಆಮೇಲೆ ಕೆಳಗಿನ ಸಾಲುಗಳನ್ನು ಓದಿದಳು, ಅಲ್ಲೇ ನಿಂತು ಇನ್ನೊಂದು ಸಲ ಓದಿದಳು.

"ಗಟ್ಟಿಯಾಗಿ ಓದು" ಎಂದಳು ಮುದುಕಿ.

"ವಾಹನ ಯೋಗ್ಯ ಸ್ಥಿತಿಯಲ್ಲಿದೆ. ಆದರೆ ಒಳಭಾಗದ ನೆಲ ಎಡ ಮೂಲೆಯಲ್ಲಿ ಹಾಳಾಗಿದ್ದು, ಮುಂದಿನ ತಪಾಸಣೆಯೊಳಗೆ ಮೊದಲಿದ್ದಂತೆಯೇ ದುರಸ್ತಿ ಮಾಡಿಸತಕ್ಕದ್ದು."

"ಮಾಡಿಸತಕ್ಕದ್ದು" ಎಂದು ಮುದುಕಿ ಕೊನೆಯ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. "ಸರ್ಕಾರದ ಮಾತು. ಮೀರೋಕಾಗುತ್ತಾ?"

"ಮುಂದಿನ ವರ್ಷ ಮತ್ತೆ ಜಾಸ್ತಿ ತೂಗುತ್ತೆ ಅಮ್ಮ" ಎಂದ ಮಗ. "ಇರೋದೆಲ್ಲ ಬಿಚ್ಚಿ ಆಯ್ತು. ಆಗೇನು ಮಾಡೋದು?"

"ಸೋಮವಾರ ಬಿಟ್ಟು ಸೋಮವಾರ ಸಾರಿಸ್ತೀನಿ" ಎಂದಳು ಸೊಸೆ. ಅದು ಅವಳು ಬಿಟ್ಟುಕೊಟ್ಟ ಪಾಲು. "ಮುಕ್ಕಾಲು ಬೊಗಸೆ."

"ಆದ್ರೂ ಚಕ್ರ ಬಿಚ್ಬೇಕು, ಕ್ಯಾರಿಯರ್ ಬಿಚ್ಬೇಕು, ಸೀಟು ಬಿಚ್ಬೇಕು."

ಮುದುಕಿ ಮಂಚದಿಂದ ಎದ್ದು, ಕಾಗದವನ್ನು ಸೊಸೆಯ ಕೈಯಿಂದ ತೆಗೆದುಕೊಂಡು, ಓದು ಬಾರದವಳು ಅದರ ಮೇಲೆ ಬೆರಳಾಡಿಸಿದಳು.

"ಸೀಟಿನ ಬಗ್ಗೆ ಸಾಹೇಬ್ರು ಏನಾದ್ರೂ ಬರೆದಿದಾರಾ?"

"ಇಲ್ಲ."

"ಚಕ್ರದ ಬಗ್ಗೆ?"

"ಇಲ್ಲ."

"ಮತ್ತೆ? ನೆಲ ಇರ್ಬೇಕು ಅಂತ ಬರೆದಿದಾರೆ, ಅವು ಇರ್ಬೇಕು ಅಂತ ಬರೆದಿಲ್ಲ" ಎಂದಳು ಮುದುಕಿ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನ ತಳಕ್ಕೆ ಇಟ್ಟು, ಮುಚ್ಚಳ ಹಾಕಿ ಅದರ ಮೇಲೆ ಕುಳಿತಳು. "ಊಟ ಮಾಡಿ ಮನೇನ ಲಾರಿಗೆ ಹತ್ತಿಸು. ಬಿಸಿಲು ಏರ್ತಿದೆ."

ಸೊಸೆ ಗಂಟುಗಳನ್ನು ಬಿಚ್ಚಿ ಹೆಂಟೆಗಳನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಕೆಂಪು, ಬೂದು, ಬಿಳಿ, ಕಪ್ಪು ಎಲ್ಲ ಒಂದಾಗಿ ಯಾವ ಊರಿನದೂ ಅಲ್ಲದ ಒಂದು ಬಣ್ಣ ಬರುತ್ತಿತ್ತು. ಮಗ ತಟ್ಟೆ ಹಾಕುವ ಮೊದಲು ಒಂದು ಸಲ ಬಕೆಟ್ಟನ್ನು ಎತ್ತಿ, ತೂಕ ನೋಡಿ, ಕೆಳಗಿಟ್ಟ.